ಸೆರೆಬ್ರಲ್ ಪಾಲ್ಸಿ ಇರುವ ಮಗನಿಗೆ ಕುದುರೆ ಸವಾರಿಯ ಚಿಕಿತ್ಸೆ ಮಾಡಿಸಬಹುದೇ? ತಿಳಿದವರು ದಯವಿಟ್ಟು ಬರೆಯಿರಿ

ಪ್ರಶ್ನೆ: ಮುಳ್ಳೇರಿಯದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ಏಳು ವರ್ಷ. ತಿಂಗಳು ತುಂಬುವ ಮೊದಲೇ ಹುಟ್ಟಿದವನು. ಒಂದೂವರೆ ವರ್ಷವಾದಾಗ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಹಾನಿಯಿಂದ ಮೈಯ ಚಲನೆ ಹತೋಟಿಗೆ ಬಾರದ ಸ್ಥಿತಿ, ಎಂದು ವೈದ್ಯರು ಹೇಳಿದರು. ಕೈಗಳಿಗಿಂತ ಕಾಲುಗಳಲ್ಲಿ ಬಿಗಿತ ಹೆಚ್ಚು. ಮಾತಿಗೆ ಏನೂ ತೊಂದರೆಯಿಲ್ಲ. ಕನ್ನಡ, ಮಲಯಾಳ ಎರಡನ್ನೂ ಸರಾಗವಾಗಿ ಆಡುತ್ತಾನೆ. ಜಗಲಿಯಲ್ಲಿ ಕಂಬಕ್ಕೆ ಒರಗಿ ಕುಳಿತುಕೊಳ್ಳುತ್ತಾನೆ, ಆದರೆ ಆಧಾರವಿಲ್ಲದೆ ಕೂರಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬೆನ್ನು ಬಾಗಿ ಮುಂದಕ್ಕೆ ಕುಸಿಯುತ್ತಾನೆ. ವಾಕರ್ ಹಿಡಿದರೆ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಬಲ್ಲ. ಹಾಗೆ ನಡೆಯುವಾಗ ಮೊಣಕಾಲುಗಳು ಒಂದಕ್ಕೊಂದು ಉಜ್ಜಿಕೊಂಡು ಪಾದಗಳು ಕತ್ತರಿಯಂತೆ ಅಡ್ಡ ಬೀಳುತ್ತವೆ.

ಕಳೆದ ಓಣಂ ರಜೆಯಲ್ಲಿ ಬೇಕಲದ ಕಡಲ ತೀರಕ್ಕೆ ಹೋಗಿದ್ದಾಗ ಅಲ್ಲಿ ಕುದುರೆ ನಡೆಸುತ್ತಿದ್ದ ಒಬ್ಬರು ಇವನ ಆಸೆಯನ್ನು ಕಂಡು, ತಾವೇ ಎತ್ತಿ ಕೂರಿಸಿ, ನನ್ನ ಗಂಡನನ್ನು ಒಂದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಹಳ ನಿಧಾನವಾಗಿ ಎರಡು ಸುತ್ತು ಬಂದರು. ದಿನವೂ ರಾತ್ರಿ ಮಲಗುವ ಮೊದಲು ಅವನ ಕಾಲುಗಳಿಗೆ ಸ್ಪ್ಲಿಂಟ್ (ಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ) ಹಾಕುವ ಕೆಲಸ ನನ್ನದು. ತೊಡೆಗಳು ಕತ್ತರಿ ಹಾಕಿಕೊಂಡಿರುತ್ತವೆ. ನನ್ನ ಮುಂಗೈಯನ್ನು ನಡುವೆ ತೂರಿಸಿ, ಅವನೊಡನೆ ಏನಾದರೂ ಮಾತನಾಡುತ್ತಾ, ಹತ್ತು ನಿಮಿಷ ಕಾದ ಮೇಲೆ ಬಿಗಿತ ಸಡಿಲವಾಗುತ್ತದೆ. ಆ ರಾತ್ರಿ ನಾನು ಕೈ ಇಟ್ಟ ಕೂಡಲೇ ಕಾಲುಗಳು ತಾವಾಗಿ ಬಿಟ್ಟುಕೊಂಡವು, ಹಿಮ್ಮಡಿ ಸ್ಪ್ಲಿಂಟಿನ ತಳಕ್ಕೆ ಸರಿಯಾಗಿ ಕುಳಿತಿತು. ಮರುದಿನ ಮಧ್ಯಾಹ್ನಕ್ಕೆ ಎಲ್ಲ ಮೊದಲಿನಂತಾಯಿತು.

ಇದು ಕಾಕತಾಳೀಯವೇ, ಅಥವಾ ಕುದುರೆಯಿಂದಲೇ ಆದದ್ದೇ? ಅಂಗವೈಕಲ್ಯ ಇರುವವರಿಗೆ ಕುದುರೆ ಸವಾರಿಯನ್ನು ಚಿಕಿತ್ಸೆಯಾಗಿ ಕೊಡುವ ಪದ್ಧತಿ ಇದೆಯೆಂದು ಆ ಬಳಿಕ ಓದಿದೆ. ನನ್ನ ಗಂಡ ಒಂದು ಸಣ್ಣ ಕುದುರೆಯನ್ನೇ ಕೊಂಡು, ಖಾಲಿ ಬಿದ್ದಿರುವ ಹಟ್ಟಿಯಲ್ಲಿ ಸಾಕೋಣ ಎನ್ನುತ್ತಾರೆ. ಮಾವನವರಿಗೆ ಒಪ್ಪಿಗೆಯಿಲ್ಲ. ನನಗೆ ಆಸೆಯೂ ಇದೆ, ಭಯವೂ ಇದೆ. ಇವನಿಗೆ ಮೂರನೆಯ ವರ್ಷದಲ್ಲಿ ಎರಡು ಸಲ ಅಪಸ್ಮಾರ ಬಂದಿತ್ತು. ಔಷಧಿ ನಡೆಯುತ್ತಿದೆ, ಮತ್ತೆ ಬಂದಿಲ್ಲ. ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕುಂಬಳೆಯ ಫಿಸಿಯೋಥೆರಪಿಸ್ಟ್

ಅಕ್ಕ, ನೀವು ಕಂಡದ್ದು ಕಾಕತಾಳೀಯವಲ್ಲ ಎಂದೇ ನನಗೆ ತೋರುತ್ತದೆ. ಹಾಗೆಂದು ಅದನ್ನು ಚಿಕಿತ್ಸೆ ಎಂದು ಕರೆಯುವಂತಿಲ್ಲ. ಈ ಎರಡರ ನಡುವಿನ ಅಂತರವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಒಂದೇ ದಿಕ್ಕಿನಲ್ಲಿ ಅಲುಗುವುದಿಲ್ಲ. ಹಿಂಗಾಲು ಎತ್ತಿಟ್ಟಂತೆಲ್ಲ ಸವಾರನ ಸೊಂಟ ಹಿಂದಕ್ಕೂ ಮುಂದಕ್ಕೂ ಬಾಗುತ್ತದೆ, ಎಡಬಲಕ್ಕೆ ವಾಲುತ್ತದೆ, ಅದರ ಜೊತೆಗೇ ಸ್ವಲ್ಪ ತಿರುಗುತ್ತದೆ. ನಾವು ನೀವು ನಡೆಯುವಾಗ ನಮ್ಮ ಸೊಂಟದಲ್ಲಿ ಆಗುವ ಚಲನೆಯೂ ಹೆಚ್ಚುಕಡಿಮೆ ಇದೇ. ಅಂದರೆ ಸ್ವಂತ ಕಾಲಿನಲ್ಲಿ ಸರಿಯಾಗಿ ಹೆಜ್ಜೆ ಹಾಕಿಯೇ ಇರದ ಮಗುವಿನ ಸೊಂಟಕ್ಕೆ ಮತ್ತು ಬೆನ್ನಿಗೆ, ನಡೆಯುವುದೆಂದರೆ ಹೇಗಿರುತ್ತದೆ ಎಂಬುದನ್ನು ಕುದುರೆ ತೋರಿಸಿಕೊಡುತ್ತದೆ. ಕುದುರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕುತ್ತದೆ ಎಂದಿಟ್ಟುಕೊಂಡರೆ 20 ನಿಮಿಷದಲ್ಲಿ ಸುಮಾರು 2000 ಸಲ ಮಗುವಿನ ಬೆನ್ನು ತನ್ನನ್ನು ತಾನೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಚಾಪೆಯ ಮೇಲೆ ಕೂರಿಸಿ ಅಷ್ಟು ಸಲ ಮಾಡಿಸುವುದು ನನ್ನಿಂದ ಸಾಧ್ಯವಿಲ್ಲ, ಮಗುವೂ ಒಪ್ಪುವುದಿಲ್ಲ. ತೊಡೆಗಳು ಅಗಲವಾಗಿ ಹರಡಿಕೊಂಡಿರುವುದು, ಕುದುರೆಯ ಮೈಯ ಬಿಸಿ (ಅದರ ಮೈ ನಮಗಿಂತ ತುಸು ಹೆಚ್ಚು ಬಿಸಿ, ಸುಮಾರು 38 ಡಿಗ್ರಿ) ಮತ್ತು ಒಂದೇ ಲಯದ ತೂಗಾಟ, ಈ ಮೂರೂ ಸೇರಿ ಒಳತೊಡೆಯ ಸ್ನಾಯುಗಳ ಬಿಗಿತವನ್ನು ಸಡಿಲಿಸುತ್ತವೆ. ಆ ರಾತ್ರಿ ನಿಮ್ಮ ಮುಂಗೈಗೆ ತಿಳಿದದ್ದು ಇದೇ. ಮರುದಿನ ಬಿಗಿತ ಮರಳಿದ್ದೂ ಸಹಜವೇ, ಏಕೆಂದರೆ ಬಿಗಿತದ ಮೂಲ ಇರುವುದು ಮೆದುಳಿನಲ್ಲಿ, ತೊಡೆಯಲ್ಲಲ್ಲ.

ಇದರಲ್ಲಿ ಎರಡು ಬಗೆಗಳಿವೆ. ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ತಮ್ಮ ಚಿಕಿತ್ಸೆಯ ಸಾಧನವಾಗಿ ಕುದುರೆಯ ನಡಿಗೆಯನ್ನು ಬಳಸುವುದಕ್ಕೆ ಹಿಪ್ಪೊಥೆರಪಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಹಿಪ್ಪೊಸ್ ಎಂದರೆ ಕುದುರೆ. ಇಲ್ಲಿ ಮಗು ಕುದುರೆಯನ್ನು ನಡೆಸುವುದಿಲ್ಲ, ಅದರ ಚಲನೆಗೆ ಮೈಯೊಡ್ಡುತ್ತದೆ. ಇನ್ನೊಂದರಲ್ಲಿ, ತರಬೇತಿ ಪಡೆದ ಸವಾರಿ ಶಿಕ್ಷಕರು ಅಂಗವೈಕಲ್ಯ ಇರುವವರಿಗೆ ಅವರವರ ಶಕ್ತಿಗೆ ತಕ್ಕಂತೆ ಸವಾರಿಯನ್ನೇ ಕಲಿಸುತ್ತಾರೆ. ಎರಡರಲ್ಲಿಯೂ ಸಾಮಾನ್ಯವಾಗಿ ಒಬ್ಬರು ಕುದುರೆಯ ಮುಂದೆ ಹಗ್ಗ ಹಿಡಿದು ನಡೆಯುತ್ತಾರೆ, ಇಬ್ಬರು ಎಡಬಲದಲ್ಲಿ ಮಗುವಿನ ತೊಡೆಯ ಬಳಿ ಕೈಯಿಟ್ಟು ಜೊತೆಗೆ ಬರುತ್ತಾರೆ. ನಾಲ್ಕನೆಯವರಾಗಿ ಥೆರಪಿಸ್ಟ್ ಅಥವಾ ಶಿಕ್ಷಕರು ನೋಡುತ್ತಿರುತ್ತಾರೆ. ಬೇಕಲದಲ್ಲಿ ನಿಮಗೆ ಸಿಕ್ಕಿದವರು ಸಹೃದಯರು, ಆದರೆ ಒಂದು ಪಕ್ಕ ಖಾಲಿಯಿತ್ತು, ತಲೆಗೆ ಹೆಲ್ಮೆಟ್ ಇತ್ತೆಂದು ನೀವು ಬರೆದಿಲ್ಲ. ಅದನ್ನು ಮತ್ತೆ ಮಾಡಬೇಡಿ.

ಈ ಪದ್ಧತಿಗೆ ಜಗತ್ತಿನ ಗಮನ ಹರಿದದ್ದು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಂದ. 1944ರಲ್ಲಿ ಪೋಲಿಯೊ ತಗಲಿ ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡ ಈ ಮಹಿಳೆ, ಕುದುರೆ ಹತ್ತುವುದಕ್ಕೂ ಇಳಿಯುವುದಕ್ಕೂ ಇನ್ನೊಬ್ಬರ ನೆರವು ಬೇಕಾದ ಸ್ಥಿತಿಯಲ್ಲಿ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಡ್ರೆಸಾಜ್ (ಕುದುರೆಯನ್ನು ಸೂಕ್ಷ್ಮ ಸನ್ನೆಗಳಿಂದ ಲಯಬದ್ಧವಾಗಿ ನಡೆಸುವ) ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಗೆದ್ದರು. ನಾಲ್ಕು ವರ್ಷಗಳ ನಂತರ ಮತ್ತೆ ಗೆದ್ದರು. 1969ರ ಹೊತ್ತಿಗೆ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಇದಕ್ಕೆಂದೇ ಸಂಘಟನೆಗಳಾದವು. 1996ರಿಂದ ಪ್ಯಾರಾಲಿಂಪಿಕ್ಸಿನಲ್ಲಿಯೂ ಕುದುರೆ ಸವಾರಿ ಇದೆ.

ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನನ್ನ ಕರ್ತವ್ಯ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 15 ಮಕ್ಕಳಲ್ಲಿ ಕೆಲವರನ್ನು ಎಂಟು ನಿಮಿಷ ಕುದುರೆಯ ಮೇಲೆ, ಉಳಿದವರನ್ನು ಅಷ್ಟೇ ಹೊತ್ತು ಅಲುಗಾಡದ ಪೀಪಾಯಿಯ ಮೇಲೆ ಕಾಲು ಚಾಚಿ ಕೂರಿಸಿದರು. ಎಡಬಲದ ಸ್ನಾಯುಗಳ ಸಮತೋಲ ಸುಧಾರಿಸಿದ್ದು ಕುದುರೆಯ ಮೇಲೆ ಕುಳಿತವರಲ್ಲಿ. ಎಂದರೆ ಕಾಲು ಹರಡಿ ಕುಳಿತದ್ದರಿಂದಷ್ಟೇ ಅಲ್ಲ, ನಡಿಗೆಯಿಂದ ಪ್ರಯೋಜನವಾಯಿತು. 2015ರಲ್ಲಿ ಕೊರಿಯಾದವರು 92 ಮಕ್ಕಳಲ್ಲಿ, ವಾರಕ್ಕೆ ಎರಡು ಸಲದಂತೆ ಎಂಟು ವಾರ ಹಿಪ್ಪೊಥೆರಪಿ ಕೊಟ್ಟು ನೋಡಿದಾಗ ಕೂರುವ, ನಿಲ್ಲುವ, ನಡೆಯುವ ಶಕ್ತಿಯ ಅಂಕಗಳು ಏರಿದವು. ಆದರೆ 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ 99 ಮಕ್ಕಳಿಗೆ ಸಂಬಂಧಿಸಿದ್ದು. ಹತ್ತು ವಾರ ಸವಾರಿ ಮಾಡಿದವರಿಗೂ ಮಾಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದನ್ನು ನಂಬಿ ದಿನನಿತ್ಯದ ವ್ಯಾಯಾಮವನ್ನಾಗಲಿ, ಸ್ಪ್ಲಿಂಟನ್ನಾಗಲಿ ಬಿಡಬೇಡಿ. ಅದರ ಜೊತೆಗೆ ಸೇರಿಸುವ ಒಂದು ಸಾಧನವಿದು.

ಇನ್ನು ಭಯದ ವಿಷಯ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸೊಂಟದ ಕೀಲು ಕ್ರಮೇಣ ಜಾರುತ್ತಾ ಹೋಗುತ್ತದೆ. ಎಷ್ಟೋ ಸಲ ನೋವಿಲ್ಲದೆಯೇ ಜಾರುತ್ತದೆ. ಕತ್ತರಿ ಹಾಕುವ ಕಾಲು ಎಂದು ನೀವು ಬರೆದದ್ದರಿಂದ ಹೇಳುತ್ತಿದ್ದೇನೆ, ಸೊಂಟದ ಎಕ್ಸ್-ರೇ ತೆಗೆಸದೆ ಅವನನ್ನು ಯಾವ ಕುದುರೆಯ ಮೇಲೂ ಕೂರಿಸಬೇಡಿ. ಕೀಲು ಜಾರಿದ್ದರೆ ತೊಡೆಗಳನ್ನು ಅಷ್ಟು ಅಗಲಿಸುವುದರಿಂದ ಕೇಡಾಗಬಹುದು. ಅಪಸ್ಮಾರ ಹತೋಟಿಯಲ್ಲಿ ಇದ್ದರೂ ಅದನ್ನು ನೋಡುವ ವೈದ್ಯರ ಲಿಖಿತ ಒಪ್ಪಿಗೆ ಬೇಕು. ಇದೇ ಪ್ರಶ್ನೆ ಇಟ್ಟುಕೊಂಡು ಓದುತ್ತಿರುವ ಬೇರೆ ಹೆತ್ತವರಿಗೂ ಒಂದು ಮಾತು: ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಎಲುಬುಗಳ ನಡುವಿನ ಹಿಡಿತ ಸಡಿಲವಾಗಿರುವ ಸಾಧ್ಯತೆ ಇರುತ್ತದೆ, ಅಂಥವರಿಗೆ ಕುದುರೆಯ ಕುಲುಕಾಟ ಅಪಾಯಕಾರಿ. ಬೆನ್ನುಹುರಿಯ ಎಲುಬು ಬಹಳ ಡೊಂಕಾದವರಿಗೂ, ಎಲುಬು ಟೊಳ್ಳಾದವರಿಗೂ ಇದು ಹೇಳಿಸಿದ್ದಲ್ಲ.

ಉತ್ತರ 2: ಮಂಜೇಶ್ವರದಿಂದ ಒಬ್ಬ ತಾಯಿ

ನನ್ನ ಮಗಳಿಗೆ ಆಟಿಸಂ. ನಾವು ಬೆಂಗಳೂರಿನಲ್ಲಿ ಇದ್ದ ವರ್ಷಗಳಲ್ಲಿ ಅವಳಿಗೆ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಕುದುರೆ ಸವಾರಿ ಮಾಡಿಸಿದ್ದೇವೆ. ನಿಮ್ಮ ಮಗನ ತೊಂದರೆಯೇ ಬೇರೆಯಾದರೂ, ಒಂದು ಮನೆಯೊಳಗಿನ ಅನುಭವ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಮೊದಲು ಹೋದ ಸ್ಥಳದಲ್ಲಿ ನಮಗೆ ತಿಳಿವಳಿಕೆ ಸಾಲಲಿಲ್ಲ. ಹಗ್ಗ ಹಿಡಿಯುವ ಒಬ್ಬನೇ ಹುಡುಗ, ಅಳತೆಗೆ ಸರಿಹೊಂದದ ಹೆಲ್ಮೆಟ್. ದೀಪಾವಳಿಯ ಹಿಂದಿನ ದಿನ ಹತ್ತಿರದಲ್ಲಿ ಎಲ್ಲೋ ಪಟಾಕಿ ಸಿಡಿದು ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿತು, ಮಗಳು ಜಾರಿದಳು. ನಾನು ಜೊತೆಗೆ ನಡೆಯುತ್ತಿದ್ದೆನಾದ್ದರಿಂದ ಅವಳು ನನ್ನ ಮೈಮೇಲೆ ಬಿದ್ದಳು, ಮೊಣಕೈ ತರಚಿತು, ಅಷ್ಟೇ. ಅಲ್ಲಿಗೆ ಮತ್ತೆ ಕಾಲಿಡಲಿಲ್ಲ. ಎರಡನೆಯ ಸ್ಥಳದಲ್ಲಿ ಮೊದಲ ಐದು ವಾರ ಅವಳನ್ನು ಕುದುರೆಗೆ ಹತ್ತಿಸಲೇ ಇಲ್ಲ. ತಲೆಗೆ ಏನೂ ತಾಗಬಾರದು ಎಂಬ ಹಟ ಅವಳದು. ಕೂದಲು ಬಾಚುವುದೇ ಮನೆಯಲ್ಲಿ ಯುದ್ಧವಾಗಿತ್ತು. ಶಿಕ್ಷಕಿ ಹೆಲ್ಮೆಟ್ಟನ್ನು ಮೊದಲು ಬೇಲಿಯ ಗೂಟಕ್ಕೆ ಹಾಕಿದರು, ಆಮೇಲೆ ನನ್ನ ತಲೆಗೆ, ಆಮೇಲೆ ತಮ್ಮ ತಲೆಗೆ. ಅವಳ ಕೈಗೆ ಬ್ರಷ್ ಕೊಟ್ಟು ಕುದುರೆಯ ಹೆಗಲನ್ನು ಉಜ್ಜಿಸುತ್ತಿದ್ದರು. ಐದನೆಯ ವಾರದ ಕೊನೆಗೆ ಅವಳೇ ಹೆಲ್ಮೆಟ್ಟನ್ನು ತೆಗೆದುಕೊಂಡು ತಲೆಗೆ ಹಾಕಿಕೊಂಡು ಮೆಟ್ಟಿಲ ಬಳಿ ಹೋಗಿ ನಿಂತಳು.

ಹತ್ತಿದ ಮೇಲೆ ಕುದುರೆ ಹೊರಡಬೇಕಾದರೆ ‘ನಡಿ’ ಎನ್ನಬೇಕು. ಅವಳು ಹೇಳುವ ತನಕ ಯಾರೂ ಹಗ್ಗ ಎಳೆಯುತ್ತಿರಲಿಲ್ಲ. ಆರು ವರ್ಷವಾಗಿದ್ದರೂ ನಮ್ಮೊಡನೆ ಬೇಕಾದದ್ದನ್ನು ಕೈಹಿಡಿದು ಎಳೆದು ತೋರಿಸುತ್ತಿದ್ದಳೇ ಹೊರತು ಮಾತಿನಲ್ಲಿ ಕೇಳಿದವಳಲ್ಲ. ಆ ಬಿಸಿಲಿನಲ್ಲಿ ನಾವೆಲ್ಲ ಸುಮ್ಮನೆ ನಿಂತೆವು. ಕುದುರೆ ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿಕೊಂಡು ನಿಂತಿತು. ಕೊನೆಗೆ ಬಹಳ ಮೆಲ್ಲಗೆ ‘ನಡಿ’ ಎಂದಳು. ಕುದುರೆ ನಡೆಯಿತು. ಒಂದು ಮಾತಿನಿಂದ ಅಷ್ಟು ದೊಡ್ಡ ಪ್ರಾಣಿ ಅಲುಗಿತೆಂಬುದು ಅವಳಿಗೆ ಆ ದಿನ ತಿಳಿಯಿತು ಎಂದು ನಾನು ನಂಬಿದ್ದೇನೆ. ಅದೇ ವಾರ ಮನೆಯಲ್ಲಿ ಬಾಗಿಲ ಬಳಿ ನಿಂತು ತನ್ನ ಅಜ್ಜಿಗೂ ‘ನಡಿ’ ಎಂದಳು.

ಈಗ ಅವಳು ದೊಡ್ಡವಳಾಗಿದ್ದಾಳೆ. ಊರಿಗೆ ಬಂದ ಮೇಲೆ ಸವಾರಿ ನಿಂತಿದೆ. ಆಟಿಸಂ ಹೋಗಲಿಲ್ಲ, ಹೋಗುತ್ತದೆ ಎಂದು ಆ ಶಿಕ್ಷಕಿ ಒಮ್ಮೆಯೂ ಹೇಳಲಿಲ್ಲ. ಸಿಡಿಮಿಡಿ, ಚಡಪಡಿಕೆ ಕಡಿಮೆಯಾದದ್ದು ಮಾತ್ರ ನಿಜ. ಹೋಗಿ ನೋಡುವವರಿಗೆ ನನ್ನ ವಿನಂತಿ: ಮೊದಲ ದಿನವೇ ಮಗುವನ್ನು ಹತ್ತಿಸಿ ಫೋಟೋ ತೆಗೆಯುವ ಕಡೆಗಿಂತ, ವೈದ್ಯರ ಚೀಟಿ ಕೇಳಿ ಕಾಯಿಸುವ ಕಡೆಗೆ ಹೋಗಿ.

ಉತ್ತರ 3: ನಿವೃತ್ತ ಪಶುವೈದ್ಯ, ಬದಿಯಡ್ಕ

ಕುದುರೆ ಕೊಳ್ಳುವ ಯೋಚನೆಯ ಬಗ್ಗೆ ಮಾತ್ರ ಬರೆಯುತ್ತೇನೆ. ತಾಯೇ, ಈ ವಿಷಯದಲ್ಲಿ ನಾನು ನಿಮ್ಮ ಮಾವನವರ ಪಕ್ಷ.

ಹಸುವನ್ನು ಸಾಕಿ ಬಲ್ಲವರು ಕುದುರೆಯನ್ನೂ ಹಾಗೆಯೇ ಸಾಕಬಹುದು ಎಂದುಕೊಳ್ಳುತ್ತಾರೆ. ಹಸು ಮೆಲುಕು ಹಾಕುವ ಪ್ರಾಣಿ. ಕುದುರೆಗೆ ಮೆಲುಕೂ ಇಲ್ಲ, ವಾಂತಿ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ತಿಂದದ್ದು ಹಿಡಿಸದಿದ್ದರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸಾಯಬಹುದು. 300 ಕಿಲೋ ತೂಕದ ಕುದುರೆಗೆ ದಿನಕ್ಕೆ ಆರು ಕಿಲೋದಷ್ಟು ಒಳ್ಳೆಯ ಒಣಹುಲ್ಲು ಬೇಕು, ಅದನ್ನೂ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಬೇಕು. ನಮ್ಮ ಬೈಹುಲ್ಲು ಮಾತ್ರ ಹಾಕಿದರೆ ಸಾಲದು. ಅದಕ್ಕಿಂತ ಮುಖ್ಯವಾಗಿ, ಕೆಲವು ದನದ ಮತ್ತು ಕೋಳಿಯ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿಯನ್ನು ಬೆರೆಸಿರುತ್ತಾರೆ. ದನಕ್ಕೆ ಅದರಿಂದ ತೊಂದರೆಯಿಲ್ಲ. ಕುದುರೆಗೆ ಅದು ವಿಷ, ಹೃದಯವನ್ನೇ ಕೆಡಿಸುತ್ತದೆ. ಒಂದೇ ಹಟ್ಟಿಯಲ್ಲಿ ಚೀಲ ಬದಲಾಗುವುದಕ್ಕೆ ಎಷ್ಟು ಹೊತ್ತು ಬೇಕು?

ನಮ್ಮ ಮಳೆಗಾಲವೂ ಕುದುರೆಗೆ ಒಗ್ಗುವಂಥದ್ದಲ್ಲ. ಜೂನ್‌ನಿಂದ ಕೆಸರಿನಲ್ಲಿ ನಿಂತರೆ ಗೊರಸಿನ ಅಡಿ ಕೊಳೆತು ನಾರುತ್ತದೆ, ಕುಂಟು ಬರುತ್ತದೆ. ಕುಂಟುವ ಕುದುರೆಯ ಬೆನ್ನಿನ ಲಯ ಕೆಟ್ಟಿರುತ್ತದೆ. ಮೇಲೆ ಫಿಸಿಯೋಥೆರಪಿಸ್ಟ್ ವಿವರಿಸಿದ ಚಲನೆಯೇ ತಪ್ಪಿದರೆ ಅದರ ಮೇಲೆ ಮಗುವನ್ನು ಕೂರಿಸಿ ಏನು ಪ್ರಯೋಜನ? ಆರರಿಂದ ಎಂಟು ವಾರಕ್ಕೊಮ್ಮೆ ಗೊರಸನ್ನು ಕತ್ತರಿಸಿ ಸಮ ಮಾಡಬೇಕು, ಆ ಕೆಲಸ ಬಲ್ಲವರು ನಮ್ಮ ಊರಿನಲ್ಲಿ ಸಿಗುವುದು ಕಷ್ಟ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ಹರಡುತ್ತದೆ, ಆದ್ದರಿಂದ ರಕ್ತಪರೀಕ್ಷೆ ಆಗದ ಕುದುರೆಯ ಹತ್ತಿರ ಮಕ್ಕಳನ್ನು ಬಿಡಬಾರದು. ಮಗುವಿನ ಧನುರ್ವಾಯುವಿನ ಚುಚ್ಚುಮದ್ದು ಬಾಕಿಯಿಲ್ಲದಂತೆ ನೋಡಿಕೊಳ್ಳಿ. ಕುದುರೆಯ ಲದ್ದಿಯಲ್ಲಿ ಆ ರೋಗಾಣು ಸಾಮಾನ್ಯ.

ಇಷ್ಟೆಲ್ಲ ಮಾಡಿದರೂ, ಕುದುರೆ ಮಂದೆಯಲ್ಲಿ ಬಾಳುವ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಅದು ಬೆದರುಬುರುಕವಾಗುತ್ತದೆ. ಚಿಕಿತ್ಸೆಗೆ ಬಳಸುವ ಕುದುರೆ ವಾಕರ್ ಉರುಳಿ ಬಿದ್ದರೂ, ಮಗು ಇದ್ದಕ್ಕಿದ್ದಂತೆ ಕಿರುಚಿದರೂ ನಿಂತಲ್ಲಿಂದ ಕದಲಬಾರದು. ಅಂಥ ಸ್ವಭಾವದ ಕುದುರೆಯನ್ನು ಆರಿಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು. ಅಗ್ಗಕ್ಕೆ ಸಿಗುವ ಕುದುರೆ ಅಂಥದ್ದಾಗಿರುವುದಿಲ್ಲ.

ಮಗನಿಗೆ ಕುದುರೆಯೆಂದರೆ ಪ್ರೀತಿ ಇದ್ದರೆ, ಹತ್ತಿಸದೆಯೂ ಹತ್ತಿರ ಕರೆದೊಯ್ಯಬಹುದು. ಹಿಂದಿನಿಂದ ಹೋಗಬಾರದು, ಹೆಗಲಿನ ಕಡೆಯಿಂದ ಹೋಗಬೇಕು. ಕ್ಯಾರೆಟ್ ಕೊಡುವಾಗ ಅಂಗೈಯನ್ನು ಚಪ್ಪಟೆಯಾಗಿ ಹಿಡಿಯಬೇಕು, ಬೆರಳು ಮಡಚಿದರೆ ಕುದುರೆ ಅದನ್ನೂ ಕ್ಯಾರೆಟ್ ಎಂದೇ ಬಗೆಯುತ್ತದೆ.

ಉತ್ತರ 4: ವಿಶೇಷ ಶಾಲೆಯ ಶಿಕ್ಷಕಿ, ಪೆರ್ಲ

ಒಂದು ಮನೆಗೆ ಒಂದು ಕುದುರೆ ಬೇಡ ಎಂಬ ಮಾತು ಸರಿ. ಆದರೆ ನಮ್ಮ ಕಾಸರಗೋಡಿನಂಥ ಒಂದು ಜಿಲ್ಲೆಗೆ ಎರಡು ಮೂರು ಕುದುರೆಗಳು ಬೇಡವೇ? ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಹೀಗೆ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಪಂಚಾಯತುಗಳಲ್ಲಿ ನಡೆಯಲಾಗದ, ಕೂರಲಾಗದ ಮಕ್ಕಳನ್ನು ನಾವು ದಿನವೂ ನೋಡುತ್ತೇವೆ. ಪಂಚಾಯತುಗಳಲ್ಲಿ ಬಡ್ಸ್ ಎಂಬ ವಿಶೇಷ ಶಾಲೆಗಳು ಬಂದದ್ದರಿಂದ ಎಷ್ಟೋ ಮಕ್ಕಳು ಮನೆಯ ಮೂಲೆಯಿಂದ ಹೊರಗೆ ಬಂದರು. ಅಲ್ಲಿಯ ಎಲ್ಲ ಮಕ್ಕಳನ್ನೂ ಕುದುರೆಗೆ ಹತ್ತಿಸಲಾಗದು. ತಲೆಯನ್ನೇ ಎತ್ತಿ ಹಿಡಿಯಲಾರದ ಮಕ್ಕಳಿದ್ದಾರೆ, ಬೆನ್ನು ಪೂರ್ತಿ ಡೊಂಕಾದವರಿದ್ದಾರೆ. ಆದರೂ ಹತ್ತಬಲ್ಲವರು ಪ್ರತಿ ಶಾಲೆಯಲ್ಲಿಯೂ ಕೆಲವರಿದ್ದಾರೆ, ಉಳಿದವರಿಗೆ ಆ ಬೆಚ್ಚಗಿನ ಮೈಯನ್ನು ಮುಟ್ಟುವುದೂ ಸಣ್ಣ ವಿಷಯವಲ್ಲ.

ಸಮತಟ್ಟಾದ, ನೀರು ನಿಲ್ಲದ ಒಂದು ಮೈದಾನ, ಗಾಲಿಕುರ್ಚಿ ಏರುವಂಥ ಇಳಿಜಾರಿನ ಕಟ್ಟೆ, ಪರೀಕ್ಷೆಯಾದ ಕುದುರೆಗಳು, ಒಬ್ಬ ಥೆರಪಿಸ್ಟ್, ಪಕ್ಕದಲ್ಲಿ ನಡೆಯಲು ಕಾಲೇಜು ವಿದ್ಯಾರ್ಥಿಗಳು. ಡಿಸೆಂಬರಿನಿಂದ ಮೇ ತಿಂಗಳವರೆಗೆ ನಡೆದರೂ ಸಾಕು. ಬೆಂಗಳೂರಿಗೆ ಹೋಗಿ ಬರುವ ಶಕ್ತಿ ಇರುವ ಮನೆಗಳು ನಮ್ಮಲ್ಲಿ ಎಷ್ಟಿವೆ? ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಲಿಖಿತವಾಗಿ ಇಡಲು ನಾನು ಸಿದ್ಧಳಿದ್ದೇನೆ. ಕುಂಬಳೆಯ ಫಿಸಿಯೋಥೆರಪಿಸ್ಟರೂ ಬದಿಯಡ್ಕದ ಡಾಕ್ಟರರೂ ತಮ್ಮ ಉತ್ತರಗಳನ್ನು ಮನವಿಗೆ ಸೇರಿಸಲು ಅನುಮತಿ ಕೊಡಬೇಕು.

ಉತ್ತರ 5: ನಿವೃತ್ತ ಪಶುವೈದ್ಯ, ಬದಿಯಡ್ಕ

ಧಾರಾಳವಾಗಿ ಸೇರಿಸಿ ಟೀಚರ್. ಕುದುರೆಗಳನ್ನು ಆರಿಸುವುದಕ್ಕೂ ತಪಾಸಣೆಗೂ ನಾನು ಬರುತ್ತೇನೆ. ಒಂದು ಲೆಕ್ಕವನ್ನೂ ಬರೆದುಕೊಳ್ಳಿ: ಜೀನು ಸೇರಿ ಕುದುರೆಯ ಮೇಲಿನ ಭಾರ ಅದರ ತೂಕದ ಶೇಕಡಾ 20ನ್ನು ಮೀರಬಾರದು. 300 ಕಿಲೋದ ಕುದುರೆಗೆ 60 ಕಿಲೋ. ಮಕ್ಕಳಿಗೆ ಇಷ್ಟು ಸಾಕು, ವಯಸ್ಕರಿಗಾದರೆ ದೊಡ್ಡ ಕುದುರೆ ಬೇಕಾಗುತ್ತದೆ.

ಮುಳ್ಳೇರಿಯದ ಅಮ್ಮ

ಉತ್ತರಿಸಿದ ಎಲ್ಲರಿಗೂ ಕೈಮುಗಿಯುತ್ತೇನೆ. ಮೊನ್ನೆ ಸೊಂಟದ ಎಕ್ಸ್-ರೇ ತೆಗೆಸಿದೆವು. ಬಲಗಡೆಯ ಕೀಲು ಸರಿಯಾಗಿದೆ. ಎಡಗಡೆಯದು ಗುಳಿಯಿಂದ ಸ್ವಲ್ಪ ಹೊರಗೆ ಸರಿಯಲು ತೊಡಗಿದೆ ಎಂದು ಎಲುಬಿನ ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಆರು ತಿಂಗಳ ನಂತರ ಮತ್ತೆ ತೆಗೆಸಬೇಕು, ಅಲ್ಲಿಯವರೆಗೆ ಕುದುರೆ ಹತ್ತಿಸುವುದು ಬೇಡ ಎಂದಿದ್ದಾರೆ. ಇಲ್ಲಿ ಕೇಳದೆ ಇದ್ದಿದ್ದರೆ ಈ ತಿಂಗಳ ಕೊನೆಗೆ ನಾವು ಅವನನ್ನು ಮತ್ತೆ ಬೇಕಲಕ್ಕೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದೆವು.

ಮಗನಿಗೆ ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಅತ್ತ. ಆಮೇಲೆ, ಹತ್ತುವುದಿಲ್ಲ, ಕ್ಯಾರೆಟ್ ಕೊಟ್ಟು ಬರುತ್ತೇನೆ ಎಂದ. ರಕ್ತಪರೀಕ್ಷೆ ಆಗಿದೆಯೇ ಎಂದು ಕುದುರೆಯವರನ್ನು ಫೋನಿನಲ್ಲಿ ಕೇಳಿದೆವು. ಇದೆ, ಕಾಗದ ತೋರಿಸುತ್ತೇನೆ ಎಂದಿದ್ದಾರೆ. ಟೀಚರ್, ನಿಮ್ಮ ಮನವಿಗೆ ನಮ್ಮಿಬ್ಬರ ಸಹಿಯೂ ಇರಲಿ. ಕ್ಯಾರೆಟ್ ಕೊಡಲು ಹೋಗುವ ಭಾನುವಾರಕ್ಕೆ ಇನ್ನು ನಾಲ್ಕು ದಿನವಿದೆ. ಅವನ ಎಡಗೈಯ ಬೆರಳುಗಳು ಮಡಚಿಕೊಳ್ಳುತ್ತವೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಒಂದೊಂದಾಗಿ ಬಿಡಿಸಿ, ಅಂಗೈಯ ಮೇಲೆ ಒಂದು ಅಡಿಕೆ ಇಟ್ಟು, ಉರುಳದಂತೆ ಹಿಡಿಯುವ ಅಭ್ಯಾಸ ಮಾಡಿಸುತ್ತಿದ್ದೇನೆ. ನಿನ್ನೆ ಹನ್ನೊಂದು ಎಣಿಸುವವರೆಗೆ ಹಿಡಿದಿದ್ದ.